ನೊಣ ನುಂಗಿದ ಮುದುಕಿ: ಮೂರು ಚಿತ್ರಪುಸ್ತಕಗಳ ಹೋಲಿಕೆ

ನೊಣವನ್ನು ನುಂಗಿದ ಮುದುಕಿಯೊಬ್ಬಳು ಅದನ್ನು ಹಿಡಿಯಲು ಜೇಡವನ್ನೂ, ಜೇಡವನ್ನು ಹಿಡಿಯಲು ಹಕ್ಕಿಯನ್ನೂ, ಹಾಗೆಯೇ ಬೆಕ್ಕು, ನಾಯಿ, ಹಸುಗಳನ್ನೂ ನುಂಗುತ್ತ ಹೋಗಿ, ಕಡೆಗೆ ಕುದುರೆಯನ್ನು ನುಂಗಿ ಸತ್ತುಹೋಗುವ ಇಂಗ್ಲಿಷ್ ಸರಪಳಿ ಪದ್ಯವನ್ನು ಹಲವು ಚಿತ್ರಕಾರರು ಪುಸ್ತಕವಾಗಿಸಿದ್ದಾರೆ. ರೋಸ್ ಬಾನ್ ಅವರ ಸಾಹಿತ್ಯಕ್ಕೆ ಅಲನ್ ಮಿಲ್ಸ್ ರಾಗ ಹಾಕಿದ ಈ ಹಾಡನ್ನು 1953ರಲ್ಲಿ ಬರ್ಲ್ ಐವ್ಸ್ ಧ್ವನಿಮುದ್ರಿಸಿದ್ದರು. ಈಗ ಅದನ್ನು ಜನಪದ ಗೀತೆಯೆಂದೇ ಎಲ್ಲರೂ ಭಾವಿಸುತ್ತಾರೆ. ನಾನು ಮನೆಯ ಇಬ್ಬರು ಮಕ್ಕಳಿಗೆ, ಒಬ್ಬಳಿಗೆ ಆರು ವರ್ಷ, ಇನ್ನೊಬ್ಬನಿಗೆ ಮೂರು, ಗಟ್ಟಿಯಾಗಿ ಓದಿ ನೋಡಿದ ಮೂರು ಪುಸ್ತಕಗಳನ್ನು ಇಲ್ಲಿ ಹೋಲಿಸುತ್ತೇನೆ.

ಪ್ಯಾಮ್ ಆ್ಯಡಮ್ಸ್ ಅವರ ಪುಸ್ತಕ 1973ರದು. ಹಾಳೆಗಳಲ್ಲಿ ಕತ್ತರಿಸಿದ ರಂಧ್ರ ಪುಟದಿಂದ ಪುಟಕ್ಕೆ ಹಿಗ್ಗುತ್ತದೆ, ನುಂಗಿದ ಪ್ರಾಣಿಗಳು ಅದರೊಳಗಿಂದ ಕಾಣುತ್ತವೆ. ಮುಂದಿನ ಸಾಲನ್ನು ನೆನಪಿಡಲಾಗದ ಚಿಕ್ಕವನು ಆ ರಂಧ್ರವನ್ನು ನೋಡಿಯೇ ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸಿದ. ದಪ್ಪ ರಟ್ಟಿನ ಆವೃತ್ತಿಯನ್ನು ಕೊಂಡರೆ ಹರಿಯುವ ಭಯವೂ ಕಡಿಮೆ.

ಸಿಮ್ಸ್ ಟಾಬ್ಯಾಕ್ 1997ರಲ್ಲಿ ಅದೇ ರಂಧ್ರದ ಉಪಾಯವನ್ನು ಬಳಸಿಕೊಂಡರೂ, ಫಲ ಬೇರೆಯೇ ಆಗಿದೆ. ಬಣ್ಣದ ಕಾಗದ ಮತ್ತು ಪತ್ರಿಕೆಯ ತುಣುಕುಗಳನ್ನು ಅಂಟಿಸಿ ಮಾಡಿದ ಚಿತ್ರಗಳಲ್ಲಿ ಮುದುಕಿಯ ಹೊಟ್ಟೆ ಉಬ್ಬುತ್ತಿರುವಾಗಲೇ, ಸುತ್ತಲಿನ ಪ್ರಾಣಿಗಳು ಪ್ರಾಸಬದ್ಧವಾಗಿ ಟೀಕೆ ಮಾಡುತ್ತವೆ, ಮೂಲೆಗಳಲ್ಲಿ ಹಕ್ಕಿಗಳು ತಂತಮ್ಮ ಹೆಸರು ಹೊತ್ತು ಕೂತಿರುತ್ತವೆ. ಸರಪಳಿ ಪದ್ಯದಲ್ಲಿ ಮಾತು ಮರಳಿ ಮರಳಿ ಅದೇ ಆಗಿರುವುದರಿಂದ, ಓದುವವರಿಗೆ ಬೇಸರ ಬರುವುದು ಸಹಜ. ಆ ಬೇಸರಕ್ಕೆ ಟಾಬ್ಯಾಕ್ ಕೊಟ್ಟ ಮದ್ದು ಈ ಚಿಲ್ಲರೆ ತಮಾಷೆಗಳು. ಹಿರಿಯವಳು ಪದ್ಯ ಮುಗಿದ ಮೇಲೂ ಪುಟ ತಿರುಗಿಸಲು ಬಿಡದೆ ಹುಡುಕುತ್ತಲೇ ಇರುತ್ತಿದ್ದಳು. ಕೊನೆಯಲ್ಲಿ ಬರುವ ನೀತಿಯೂ ಗಂಭೀರ ಮುಖದ್ದೇ: ಕುದುರೆಯನ್ನು ಎಂದೂ ನುಂಗಬಾರದು. 1998ರಲ್ಲಿ ಇದಕ್ಕೆ, ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕಗಳಿಗೆ ಕೊಡುವ ಕಾಲ್ಡೆಕಾಟ್ ಪ್ರಶಸ್ತಿಯ ಗೌರವ ಮನ್ನಣೆ ದೊರೆಯಿತು. ಆ ಪ್ರಶಸ್ತಿ ಯಾರ ಹೆಸರಿನಲ್ಲಿದೆಯೋ ಆ ರ‍್ಯಾಂಡಾಲ್ಫ್ ಕಾಲ್ಡೆಕಾಟ್ 1878ರಲ್ಲಿ ಚಿತ್ರ ಬರೆದದ್ದೂ 'ಜ್ಯಾಕ್ ಕಟ್ಟಿದ ಮನೆ' ಎಂಬ ಇಂಥದೇ ಸರಪಳಿ ಪದ್ಯಕ್ಕೆ. ಟಾಬ್ಯಾಕ್ ಪುಸ್ತಕದ ಒಂದೇ ದೋಷವೆಂದರೆ ಹಾಳೆ ತೆಳುವಾಗಿದೆ. ಮೂರು ವರ್ಷದ ಬೆರಳು ರಂಧ್ರದೊಳಗೆ ತೂರಿದರೆ ಅಂಚು ಉಳಿಯುವುದಿಲ್ಲ.

ಲುಸಿಲ್ ಕೊಲಾಂಡ್ರೊ ಬರೆದು ಜೇರೆಡ್ ಲೀ ಚಿತ್ರಿಸಿದ ಪುಸ್ತಕದಲ್ಲಿ ಮುದುಕಿ ಹಿಮವನ್ನೂ, ತಂಬಾಕು ಸೇದುವ ಪೈಪು, ಕಲ್ಲಿದ್ದಲು, ಟೋಪಿ ಮುಂತಾದವನ್ನೂ ನುಂಗಿ, ಬಿಕ್ಕಳಿಕೆ ಬಂದು ಎಲ್ಲವನ್ನೂ ಹಿಮಮಾನವನಾಗಿ ಹೊರಹಾಕುತ್ತಾಳೆ. ಒಂದನ್ನೊಂದು ತಿನ್ನುವ ಪ್ರಾಣಿಗಳ ಸರಪಳಿ ಇಲ್ಲಿ ಒಗಟಾಗಿ ಮಾರ್ಪಟ್ಟಿದೆ. ಮೊದಲ ಓದಿನಲ್ಲಿ ಹಿರಿಯವಳು ಟೋಪಿ ಬಂದ ಕೂಡಲೇ ಉತ್ತರ ಊಹಿಸಿ ಕುಣಿದಳು, ಆದರೆ ಒಡೆದ ಒಗಟನ್ನು ಮತ್ತೆ ಕೇಳಲು ಅವಳಿಗೆ ಮನಸ್ಸಿರಲಿಲ್ಲ. ಇದೇ ಅಚ್ಚಿನಲ್ಲಿ ಚಿಪ್ಪು, ಎಲೆ, ಪುಸ್ತಕ ನುಂಗುವ ಮುದುಕಿಯರೂ ಬಂದಿದ್ದಾರೆ. ಅವನ್ನು ಗ್ರಂಥಾಲಯದಿಂದ ಎರವಲು ತಂದರೆ ಸಾಕು, ಕೊಳ್ಳಬೇಕಿಲ್ಲ.

ಮೊದಲ ಎರಡರಲ್ಲೊಂದನ್ನು ಕೊಳ್ಳುವುದಾದರೆ ನಾಲ್ಕು ವರ್ಷದೊಳಗಿನವರಿಗೆ ಆ್ಯಡಮ್ಸ್, ಓದಲು ಕಲಿಯುತ್ತಿರುವವರಿಗೆ ಟಾಬ್ಯಾಕ್. ಮುದುಕಿ ಸಾಯುತ್ತಾಳೆಂಬ ಕಾರಣಕ್ಕೆ ಹಿಂಜರಿಯುವ ತಂದೆತಾಯಿಗಳು ಕೊಲಾಂಡ್ರೊ ಕಡೆಗೆ ಒಲಿಯಬಹುದು. ನಮ್ಮ ಮನೆಯಲ್ಲಂತೂ ಆ ಸಾವಿಗೆ ಯಾರೂ ಮರುಗಲಿಲ್ಲ; ಅಷ್ಟು ದೊಡ್ಡ ಕುದುರೆ ಅವಳ ಬಾಯಲ್ಲಿ ಹಿಡಿಸಿದ್ದಾದರೂ ಹೇಗೆ ಎಂಬುದೊಂದೇ ಇಬ್ಬರ ತಕರಾರು.