ಲಲಿತ ಪ್ರಬಂಧಕ್ಕೆ ಹೇಳಿ ಮಾಡಿಸಿದ ಉದ್ದ ನೋಟ್‌ಬುಕ್

ಮಂಜೇಶ್ವರ ಪೇಟೆಯಲ್ಲಿ ಶಾಲೆ ಮಕ್ಕಳಿಗೆಂದು ಮಾರುವ 200 ಪುಟದ ಉದ್ದ ನೋಟ್‌ಬುಕ್ ಇದು. ಗೆರೆ ಹಾಕಿದ್ದು, ರಟ್ಟಿನ ಹೊದಿಕೆ. ನಾನು ಬರೆಯುವುದೆಲ್ಲ ಇದರಲ್ಲೇ.

ಕಾಗದ ಚೆನ್ನಾಗಿದೆ. ಜೆಲ್ ಪೆನ್ನಿನ ಶಾಯಿ ಹಿಂದಿನ ಮಗ್ಗುಲಿಗೆ ಇಳಿಯುವುದಿಲ್ಲ. ಗೆರೆಗಳ ನಡುವೆ ಜಾಗ ಧಾರಾಳ. ಕನ್ನಡಕ್ಕೆ ಅದು ಬೇಕೇ ಬೇಕು. ‘ಸ್ತ್ರೀ’ ಅಂತ ಬರೆದು ನೋಡಿ, ಒತ್ತಕ್ಷರ ಕೆಳಗಿನ ಸಾಲಿನ ತಲಕಟ್ಟಿಗೆ ತಾಗುವುದಿಲ್ಲ.

ನನ್ನ ಕೈಬರಹದಲ್ಲಿ ಒಂದು ಪುಟಕ್ಕೆ ಹತ್ತಿರ ಹತ್ತಿರ 200 ಪದ ಹಿಡಿಯುತ್ತದೆ. ಮೂರು ಪುಟ ತುಂಬಿದರೆ ಒಂದು ಲಲಿತ ಪ್ರಬಂಧ. ನನಗೆ ಜಾಸ್ತಿ ಇಷ್ಟದ ಪ್ರಕಾರ ಅದೇ, ಅಳತೆಯೂ ಅದೇ. ರಾಷ್ಟ್ರಕವಿ ಗೋವಿಂದ ಪೈಗಳ ಊರಲ್ಲಿದ್ದು ಕವಿತೆ ಬರೆಯಲ್ವಾ ಅಂತ ಕೇಳುವವರಿದ್ದಾರೆ. ಪೈಗಳ ಖಂಡಕಾವ್ಯ ಓದುವುದೆಂದರೆ ನನಗೆ ಪ್ರಾಣ. ಬರೆಯುವಾಗ ಮಾತ್ರ ಅಂಗಳದಲ್ಲಿ ಅಡಿಕೆ ಒಣಗಿಸುವುದು, ಹಪ್ಪಳಕ್ಕೆ ಹಲಸಿನ ಸೊಳೆ ಬಿಡಿಸುವುದು, ಇಂಥದ್ದೇ ಬೇಕು. ಅದಕ್ಕೆ ಕತೆಯ ತಿರುವು ಬೇಡ, ಮಾತು ಹರಿದಾಡಲು ಜಾಗ ಇದ್ದರೆ ಸಾಕು. ಒಂದೇ ಪುಟಕ್ಕೆ ನಿಲ್ಲಿಸಿದರೆ ವಿಷಯ ಬಿಚ್ಚಿಕೊಳ್ಳುವ ಮೊದಲೇ ಮುಗಿಯುತ್ತದೆ. ಐದಾರು ಪುಟ ಎಳೆದರೆ ಸುಮ್ನೆ ಹೇಳಿದ್ದೇ ಹೇಳಿದ ಹಾಗೆ.

ಕೊರತೆ ಹೊಲಿಗೆಯದ್ದು. ನಡುವಿನ ಹಾಳೆಗಳು ಬೇಗ ಕಳಚುತ್ತವೆ. ಮಳೆಗಾಲದಲ್ಲಿ ರಟ್ಟು ತೇವ ಹಿಡಿದು ಬಾಗುತ್ತದೆ. ಕಾದಂಬರಿ ಬರೆಯುವವರು, ಹಿಂದೆ ಮುಂದೆ ಹಾಳೆ ತಿರುವುತ್ತಲೇ ಇರುವವರು ಗಟ್ಟಿ ಬೈಂಡಿನದ್ದು ಕೊಳ್ಳುವುದು ಒಳ್ಳೆಯದು. ಲಲಿತ ಪ್ರಬಂಧಕ್ಕಾದರೆ ಇದನ್ನೇ ತಗೊಳ್ಳಿ, ಎರಡು ಒಟ್ಟಿಗೆ.