ನೆರೆ ಇಳಿದ ಮನೆಗೆ ಅವಸರದಲ್ಲಿ ಬಣ್ಣ ಹೊಡೆಸಬೇಡಿ

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ತಗ್ಗಿನ ಓಣಿಗಳಿಗೆ ನುಗ್ಗಿದಾಗ ಒಂದು ಮನೆಯೊಳಗೆ ಮೂರು ಅಡಿ ನೀರು ನಿಂತಿತ್ತು. ಗೋಡೆ 9 ಇಂಚು ಇಟ್ಟಿಗೆಯದು. ದೀಪಾವಳಿಯೊಳಗೆ ಮನೆ ಮೊದಲಿನಂತಾಗಬೇಕು ಎಂಬುದು ಮನೆಯವರ ಆಸೆ. ‘ಒಳಗಿನಿಂದ ವಾಟರ್‌ಪ್ರೂಫ್ ಕೋಟಿಂಗ್ ಕೊಟ್ಟರೆ ಆಯ್ತು’ ಎಂದ ಕಂಟ್ರಾಕ್ಟರ್, ಅದರ ಮೇಲೆ ಎರಡು ಕೈ ಪುಟ್ಟಿ, ಪ್ರೈಮರ್, ಎಮಲ್ಷನ್ ಬಳಿದು ಪೂರ್ತಿ ದುಡ್ಡು ಎಣಿಸಿಕೊಂಡು ಹೋದ.

ಸಂಕ್ರಾಂತಿ ಹೊತ್ತಿಗೆ ಗೋಡೆ ತುಂಬ ಗುಳ್ಳೆ. ಉಗುರು ತಾಗಿಸಿದರೆ ಬಣ್ಣ ಹಪ್ಪಳದಂತೆ ಕಳಚಿ ಬೀಳುತ್ತಿತ್ತು, ಹಿಂದೆ ಹತ್ತಿಯ ಎಳೆಯಂಥ ಬಿಳಿ ಉಪ್ಪು. ಗೋಡೆಗೆ ಒತ್ತಿ ಕೂರಿಸಿದ್ದ ಪ್ಲೈವುಡ್ ಕಪಾಟಿನ ಬೆನ್ನಿಗೆ ಕರಿ ಬೂಷ್ಟು. ಎಲ್ಲವನ್ನೂ ಕೆತ್ತಿ ಮತ್ತೆ ಮಾಡಿಸಬೇಕಾಯಿತು.

ಇಟ್ಟಿಗೆ ಕುಡಿದ ನೀರು ಹೊರಬರಲು ಗೋಡೆಯ ಮೈಯೇ ದಾರಿ. ಅದನ್ನು ಕೋಟಿಂಗ್‌ನಿಂದ ಮುಚ್ಚಿದರೆ ತೇವ ಒಳಗೇ ಉಳಿದು ಮೇಲಕ್ಕೆ ಏರುತ್ತದೆ, ಕರಗಿದ ಉಪ್ಪನ್ನು ಎಳೆದು ತಂದು ಬಣ್ಣವನ್ನು ಒಳಗಿಂದ ನೂಕುತ್ತದೆ. 9 ಇಂಚು ಗೋಡೆ ಒಣಗುವುದಕ್ಕೆ ವಾರಗಳಲ್ಲ, ತಿಂಗಳುಗಳೇ ಬೇಕು.

ಹಾಗಾಗಿ ಮೊದಲು ರಾಡಿ ಹಸಿ ಇರುವಾಗಲೇ ಬಳಿದು ಹಾಕಿ, ಒಣಗಿದರೆ ಮೂಲೆಗಳಲ್ಲಿ ಕಲ್ಲಿನಂತೆ ಕೂರುತ್ತದೆ. ತೊಳೆಯುವ ಮುನ್ನ ಗೋಡೆಯ ನೀರಿನ ಗುರುತು ಕಾಣುವಂತೆ ಫೋಟೋ ತೆಗೆಯಿರಿ, ಪಂಚನಾಮೆಗೂ ವಿಮೆಗೂ ಅದೇ ಸಾಕ್ಷಿ. ಪ್ಲಾಸ್ಟರನ್ನು ಬಡಿದು ನೋಡಿ, ಟೊಳ್ಳು ಸದ್ದು ಬಂದ ಕಡೆ ಗುರುತಿಗಿಂತ ಒಂದು ಅಡಿ ಮೇಲಿನವರೆಗೂ ಕೆತ್ತಿಸಿ. ಕಪಾಟು, ಮಂಚಗಳನ್ನು ಗೋಡೆಯಿಂದ ಒಂದು ಗೇಣು ಸರಿಸಿ, ಎದುರು ಬದುರಿನ ಕಿಟಕಿ ತೆರೆದಿಡಿ. ಮೇಲೆದ್ದ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಒಣಗಿದೆಯೇ ಎಂದು ನೋಡಲು ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ಇಡೀ ದಿನ ಬಿಡಿ. ಒಳಗೆ ಬೆವರು ಹನಿ ಕಂಡರೆ ಪೇಂಟರ್‌ಗೆ ಬರಬೇಡ ಎನ್ನಿ. ಹಬ್ಬಕ್ಕೆ ಮನೆ ಬೆಳ್ಳಗೆ ಕಾಣಲೇಬೇಕೆಂದರೆ ಸುಣ್ಣ ಹೊಡೆಸಿ, ಸುಣ್ಣ ಗೋಡೆಗೆ ಉಸಿರಾಡಲು ಬಿಡುತ್ತದೆ. ಬಣ್ಣದ ಹಣವನ್ನು ಮುಂಗಡವಾಗಿ ಕೊಡಲೇಬೇಡಿ.

ಕರೆಂಟಿನ ವಿಷಯದಲ್ಲಿ ಇನ್ನೂ ಜಾಗ್ರತೆ. ನೀರಲ್ಲಿ ಮುಳುಗಿದ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), ಸ್ವಿಚ್, ಸಾಕೆಟ್‌ಗಳನ್ನು ಒಣಗಿಸಿ ಬಳಸುವಂತಿಲ್ಲ, ಹೊಸದೇ ಹಾಕಬೇಕು. ಗೋಡೆಯೊಳಗಿನ ವೈರಿಂಗ್ ಪೈಪಿನಲ್ಲಿ ನೀರು ನಿಂತಿರುತ್ತದೆ. ಎಲೆಕ್ಟ್ರಿಷಿಯನ್ ಮೆಗ್ಗರ್ (ವೈರಿನಿಂದ ಕರೆಂಟು ಸೋರುತ್ತದೆಯೇ ಎಂದು ಅಳೆಯುವ ಉಪಕರಣ) ಹಚ್ಚಿ ಪ್ರತಿ ಲೈನನ್ನೂ ನೋಡುವವರೆಗೆ ಮೇನ್ ಹಾಕಬೇಡಿ.

ನೆಲದ ಕಲೆ ಹೋಗಲೆಂದು ಬ್ಲೀಚಿಂಗ್ ಪೌಡರ್ ಚೆಲ್ಲಿದ ಮೇಲೆ ಟಾಯ್ಲೆಟ್ ಆಸಿಡ್ ಸುರಿಯುವವರಿದ್ದಾರೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಜೀವಕ್ಕೇ ಕುತ್ತು. ಸಂಪಿನ ರಾಡಿ ತೆಗೆದು ಗೋಡೆ ಉಜ್ಜಿದ ಮೇಲೆ ನೀರು ತುಂಬಿ, 1000 ಲೀಟರಿಗೆ ಸುಮಾರು 150 ಗ್ರಾಂ ತಾಜಾ ಬ್ಲೀಚಿಂಗ್ ಪೌಡರನ್ನು ಬಕೆಟ್ ನೀರಲ್ಲಿ ಕದಡಿ, ತಿಳಿಯನ್ನಷ್ಟೇ ಸಂಪಿಗೆ ಸುರಿಯಿರಿ. 12 ಗಂಟೆ ಬಿಟ್ಟು ಅಷ್ಟೂ ನೀರನ್ನು ಹೊರಹಾಕಿ, ಆಮೇಲೆ ಕುಡಿಯುವ ನೀರು ಬಿಡಿ.