ನಾಟಿ ಮಷೀನ್ ಬಾಡಿಗೆ ಸರ್ವಿಸು: ಅಕ್ಕಿ ಮಾಡಿಸಿದ ಮೇಲೆ ಬರೀತಿರೋ ರಿವ್ಯೂ

ನಾಟಿ ಆದ ಮಾರನೇ ದಿನಾನೇ ಸಾಲು ಸಾಲಾಗಿರೋ ಗದ್ದೆ ಫೋಟೋ ಹಾಕಿ ಫೈವ್ ಸ್ಟಾರ್ ಕೊಡೋರೇ ಜಾಸ್ತಿ, ನಾನು ಭತ್ತ ಮಿಲ್ಲಿಗೆ ಹೋಗಿ ಅಕ್ಕಿಯಾಗಿ ಮನೆಗೆ ಬರೋವರ್ಗೂ ಕಾದೆ. ನಮ್ದು ಮಂಡ್ಯ ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅಚ್ಚುಕಟ್ಟು, ಎರಡೆಕ್ರೆ ಐಆರ್ 64 ತಳಿ ಭತ್ತ. ಒಂದೆಕ್ರೆ ಮಷೀನಲ್ಲಿ, ಇನ್ನೊಂದೆಕ್ರೆ ಯಾವಾಗಿನಂಗೆ ಹೆಣ್ಣಾಳುಗಳ ಕೈಲಿ. ಪರೀಕ್ಷೆ ಮಾಡೋಣ ಅಂತೇನಲ್ಲ, ನಾಲೆಗೆ ನೀರು ಬಿಟ್ರೆ ಊರಿಗೂರೇ ಒಟ್ಟಿಗೆ ನಾಟಿಗಿಳಿಯುತ್ತಲ್ಲ, ಆಳು ಸಿಕ್ಕಿದ್ದೇ ಒಂದೆಕ್ರೆಗೆ.

ಟ್ರೇಲಿ ಸಸಿ ಬೆಳೆಸಿ ತಂದು ನಾಟಿ ಮಾಡ್ಕೊಡೋದು ಮಷೀನಿನೋರ ಕೆಲಸ, ಕೆಸರು ಮಾಡಿ ಮಟ್ಟ ಮಾಡೋದು ನಮ್ದು. ಹಿಂದೆ ನಡ್ಕೊಂಡು ಹೋಗೋ ನಾಲ್ಕು ಸಾಲಿನ ಮಷೀನು, ಮೂರೂವರೆ ಗಂಟೇಲಿ ಎಕ್ರೆ ಮುಗೀತು. ಬಿತ್ತನೆ ಭತ್ತ 15 ಕೆಜಿ ಸಾಕಾಯ್ತು, ನಮ್ಮ ಒಟ್ಲಿಗೆ (ಸಸಿ ಮಡಿಗೆ) 30 ಕೆಜಿ ಸುರೀತಿದ್ವಿ. ಇಲ್ಲೀವರ್ಗೂ ಖುಷಿ.

ಎಡವಟ್ಟು ಆಗಿದ್ದು ಸಸೀಲಿ. ಟ್ರೇ ಸಸಿ 15ರಿಂದ 18 ದಿನದ್ದಿರಬೇಕು, ನಮಗೆ ಬಂದಿದ್ದು 24 ದಿನದ್ದು, ಉದ್ದ ಬೆಳ್ದು ಬೇರೆಲ್ಲಾ ಹೆಣ್ಕೊಂಡು ಚಾಪೆ ತರ ಗಟ್ಟಿಯಾಗಿತ್ತು. ಮಷೀನ್ ಬೆರಳು ಅದನ್ನ ಕಿತ್ರೆ ಒಂದ್ಕಡೆ ಏಳೆಂಟು ಸಸಿ, ಇನ್ನೊಂದ್ಕಡೆ ಏನೂ ಇಲ್ಲ. ಕೇಳಿದ್ರೆ 'ನೀವೇ ಅಣ್ಣಾ ನೀರಿಲ್ಲ ಅಂತ ನಾಟಿ ಮುಂದೆ ಹಾಕಿದ್ದು' ಅಂತಾನೆ ಮಷೀನ್ ಹುಡುಗ. ಅದೂ ನಿಜಾನೇ ಬಿಡಿ. ಇನ್ನೊಂದು, ಸಾಲಿಂದ ಸಾಲಿಗೆ 30 ಸೆಂಟಿಮೀಟ್ರು, ಅದನ್ನ ಬದಲಾಯ್ಸೋಕಾಗಲ್ಲ, ಸಾಲಲ್ಲಿ ಗುತ್ತಿಂದ ಗುತ್ತಿಗೆ (ಒಂದ್ಕಡೆ ಊರೋ ಸಸಿ ಗುಂಪೇ ಗುತ್ತಿ) ಮಾತ್ರ ಹೆಚ್ಚುಕಮ್ಮಿ ಮಾಡಬಹುದು. ಅವನು 18ಕ್ಕೆ ಇಟ್ಟಿದ್ದ, ಟ್ರೇ ಉಳಿಯುತ್ತಲ್ಲ ಅವನಿಗೆ! ಚದರ ಮೀಟ್ರಿಗೆ 18-19 ಗುತ್ತಿ ಬೀಳುತ್ತೆ ಅಷ್ಟೇ, ಜಗಳ ಆಡಿ 14ಕ್ಕೆ ಇಡ್ಸಿದ್ಮೇಲೆ 24 ಬಿತ್ತು. ಯಾರೇ ಮಷೀನ್ ಕರೆಸಿದ್ರೂ ಇದನ್ನ ಮೊದ್ಲು ನೋಡ್ಕೊಳ್ಳಿ.

ನಮ್ಮ ತಪ್ಪೂ ಇದೆ, ಹಿಂದಿನ ಸಾಯಂಕಾಲ ಕೆಸರು ಮಾಡಿ ಬೆಳಿಗ್ಗೇನೇ ಮಷೀನ್ ಇಳಿಸಿದ್ವಿ. ಜೇಡಿ ಗದ್ದೆ ಒಂದೆರಡು ದಿನ ಕೂರಬೇಕು, ಕೂರದೆ ಇದ್ದ ಮೂಲೇಲಿ ಸಸಿ ತೇಲಾಡ್ತಿತ್ತು. ಗ್ಯಾಪ್ ತುಂಬ್ಸೋಕೆ ಇಬ್ಬರು ಹೆಂಗಸರು ಒಂದು ದಿನ ಪೂರ್ತಿ ಬಗ್ಗಿದ್ರು, ಆ ಕೂಲಿ ಲೆಕ್ಕಕ್ಕೆ ಸೇರಿಸಿದ್ರೆ ದುಡ್ಡೇನು ಭಾರಿ ಉಳೀಲಿಲ್ಲ.

ಆದ್ರೂ ತೆಂಡೆ (ಬುಡದಿಂದ ಬರೋ ಕವಲು) ಒಡೆಯೋ ಟೈಮಿಗೆ ವ್ಯತ್ಯಾಸ ಕಾಣ್ತು. ಕೈನಾಟೀಲಿ ಒಬ್ಬರು ಮೇಲ್ಮೇಲೆ ಇಡ್ತಾರೆ, ಇನ್ನೊಬ್ಬರು ಹೆಬ್ಬೆರಳು ಪೂರ್ತಿ ಇಳಿಸ್ತಾರೆ, ಆಳಕ್ಕೆ ಹೋದ ಸಸಿ ಚೇತರಿಸ್ಕೊಂಡು ತೆಂಡೆ ಒಡೆಯೋದೇ ಲೇಟು, ತೆನೇನೂ ಹಿಂದೆ. ಮಷೀನಲ್ಲಿ ಆಳ ಒಂದೇ ಸಮ, ತೆನೆ ಒಟ್ಟೊಟ್ಟಿಗೆ ಬಂತು. ಗ್ಯಾಪ್ ತುಂಬಿಸಿದ ಜಾಗ ಮಾತ್ರ ಕೊಯ್ಲಿನ ದಿನಾನೂ ಹಸಿರು ಹಸಿರಾಗಿ ಎದ್ದು ಕಾಣ್ತಿತ್ತು.

ಎರಡೂ ಒಂದೇ ದಿನ ಕೊಯ್ಸಿದ್ದು. ಮಷೀನ್ ಎಕ್ರೆ 23 ಕ್ವಿಂಟಾಲು, ಕೈನಾಟಿದು 22. ಐದು ಕ್ವಿಂಟಾಲ್ ಜಾಸ್ತಿ ಬರುತ್ತೆ ಅಂತ ಮಷೀನಿನೋರು ಅಂದಿದ್ರಲ್ಲ, ಅದು ಬರೀ ಬುರುಡೆ. ನನಗೆ ಆಶ್ಚರ್ಯ ಆಗಿದ್ದು ಮಿಲ್ಲಲ್ಲಿ. ಬೇರೆ ಬೇರೆ ಒಣಗಿಸಿ ಒಂದೊಂದು ಕ್ವಿಂಟಾಲ್ ಕೊಟ್ಟಿದ್ದೆ, ಕೈನಾಟಿ ಭತ್ತದಲ್ಲಿ ನುಚ್ಚು 11 ಕೆಜಿ, ಮಷೀನಿಂದು 7. ಹಿಂದೆ ಬಿದ್ದ ತೆನೆ ಬಲೀಲಿ ಅಂತ ಕಾಯ್ತಾ ಕೂತ್ರೆ ಮುಂಚೆ ಬಲ್ತಿದ್ದು ಬಿಸಿಲಿಗೆ ಒಣಗಿ, ರಾತ್ರಿ ಇಬ್ಬನಿಗೆ ನೆಂದು ಒಳಗೇ ಬಿರುಕು ಬಿಡುತ್ತೆ, ಮಿಲ್ಲಿಗೆ ಹಾಕಿದ್ರೆ ಮುರೀದೆ ಇನ್ನೇನಾಗುತ್ತೆ, ಉದ್ದಕ್ಕಿ ಬೇರೆ. ಎಳೆಕಾಳಂತೂ ಬಿಳಿ ಸುಣ್ಣದಂಗೆ ಪುಡಿಯಾಗುತ್ತೆ. ಊಟಕ್ಕೆ ಮಾತ್ರ ಎರಡೂ ಒಂದೇ, ಅಮ್ಮನಿಗೆ ಯಾವ್ದು ಯಾವ್ದು ಅಂತ ಗೊತ್ತಾಗಲೇ ಇಲ್ಲ. ರುಚಿ ತಳೀದು, ಮಷೀನಿಂದಲ್ಲ.

ಐದಕ್ಕೆ ಮೂರೂವರೆ ಕೊಡ್ತೀನಿ. ವಾರೆಕೋರೆ ಸಣ್ಣ ಗದ್ದೆ ಇರೋರು ಕರೆಸಬೇಡಿ, ತಿರುಗಿಸೋದ್ರಲ್ಲೇ ಟೈಮ್ ಹೋಗಿ ಮೂಲೆಯೆಲ್ಲಾ ಉಳ್ಕೊಳ್ಳುತ್ತೆ. ಮುಂದಿನ ಬೆಳೆಗೂ ಅವರಿಗೇ ಹೇಳಿದೀನಿ, ಸಸಿ ಮಾತ್ರ ನಾನೇ ಟ್ರೇಲಿ ಹಾಕ್ಕೊತೀನಿ, ರೇಟ್ ಎಷ್ಟು ಇಳಿಸ್ತೀರಪ್ಪ ಅಂತ ಮೆಸೇಜ್ ಮಾಡಿ ನಾಲ್ಕು ದಿನ ಆಯ್ತು, ನೋಡಿದಾರೆ, ಉತ್ತರ ಇಲ್ಲ.